ಮಂಚಿಕೆ ಹತ್ತುವ ಮುಂಚೆ ಕಟ್ಟಿಕೊಳ್ಳುವ ಹಗ್ಗ: ನನ್ನ ಅನುಭವ

ಗೋವಿನಜೋಳದ ತೆನೆಗೆ ಹಾಲು ತುಂಬಿತೆಂದರೆ ಕಲಘಟಗಿ ಕಡೆಯ ಕಾಡಂಚಿನ ಹೊಲಗಳಲ್ಲಿ ರಾತ್ರಿ ಕಾವಲು ಶುರು. ಮುಂಡಗೋಡ, ಯಲ್ಲಾಪುರದ ಕಾಡು ನಮಗೆ ದೂರವೇನಲ್ಲ. ಹಂದಿ ಹಿಂಡು ಒಮ್ಮೆ ಹೊಕ್ಕರೆ ತಿನ್ನುವುದಕ್ಕಿಂತ ಕೆಡವಿ ತುಳಿಯುವುದೇ ಜಾಸ್ತಿ. ನಮ್ಮ ಹೊಲದ ಬದುವಿನಲ್ಲಿ ಒಂದು ಹಳೆಯ ಮಾವಿನ ಮರ ಇದೆ. ಅದರ ಮೇಲೆ ಸುಮಾರು 14 ಅಡಿ ಎತ್ತರದಲ್ಲಿ ಮಂಚಿಕೆ, ಅಂದರೆ ಕೂತು ಕಾಯುವ ಅಟ್ಟಣಿಗೆ. ಒಂದು ಬ್ಯಾಟರಿ (ಟಾರ್ಚ್), ಬಡಿಯಲು ಖಾಲಿ ಡಬ್ಬಿ, ಕಂಬಳಿ, ಥರ್ಮಾಸ್‌ನಲ್ಲಿ ಚಹಾ. ಇಷ್ಟೇ ಸರಂಜಾಮು. ಬಂದೂಕಿಲ್ಲ, ಉರುಳಿಲ್ಲ, ಬೇಲಿಗೆ ಕರೆಂಟ್ ಹಾಯಿಸುವುದಂತೂ ಇಲ್ಲವೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಮ್ಮಲ್ಲಿ ಅಪರಾಧ. ನಮ್ಮದು ಬರೀ ಗದ್ದಲ ಮಾಡಿ ಓಡಿಸುವ ಕೆಲಸ.

ಆದರೂ ಹಗ್ಗದ ವಿಷಯ ನಾನು ಕಲಿತದ್ದು ಬೇಟೆಗಾರರಿಂದಲೇ. ಅಮೆರಿಕದಲ್ಲಿ ಬಿಳಿಬಾಲದ ಜಿಂಕೆ ಬೇಟೆಗೆ ಮರದ ಮೇಲೆ ಪೀಠ ಕಟ್ಟಿ ತಾಸುಗಟ್ಟಲೆ ಕೂರುತ್ತಾರೆ. ಅಲ್ಲಿ ಆ ಪೀಠದ ಜೊತೆ ಮೈಗೆ ಕಟ್ಟುವ ಬೆಲ್ಟನ್ನೂ ಕೊಟ್ಟೇ ಮಾರುತ್ತಾರೆ. ಅವರ ನಿಯಮ ಒಂದೇ. ಕಾಲು ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವ ತನಕ ಹಗ್ಗ ಬಿಚ್ಚಬಾರದು. ನಮ್ಮ ಮಂಚಿಕೆಗೂ ಅವರ ಪೀಠಕ್ಕೂ ಈ ವಿಷಯದಲ್ಲಿ ಏನೂ ವ್ಯತ್ಯಾಸ ಇಲ್ಲ. ಬೀಳುವ ಆಳಿಗೆ ಕೆಳಗೆ ಹಂದಿ ಇದೆಯೋ ಜಿಂಕೆ ಇದೆಯೋ ಎಂಬುದು ಮುಖ್ಯವಲ್ಲ, ಅಲ್ವಾ?

ನಾನು ಹಗ್ಗ ತರುತ್ತೇನೆ ಅಂದಾಗ ನಮ್ಮ ಕಾಕಾ ನಕ್ಕರು. "ಏ ತಮ್ಮಾ, ನಿಮ್ಮಜ್ಜ ಬರೀ ಕೈಲೆ ಹತ್ತತಿದ್ದ. ನಿನಗ್ಯಾಕ ಇಷ್ಟೆಲ್ಲಾ ಬೇಕಪಾ?" ಅಂದರು. "ಕಾಕಾ, ಅಜ್ಜ ನಿದ್ದಿಗೆಟ್ಟು ಮರುದಿನ ಮುಂಜಾನೆ ಹುಬ್ಬಳ್ಳಿಗೆ ಡ್ಯೂಟಿಗೆ ಹೋಗತಿರಲಿಲ್ಲರಿ," ಅಂದೆ. ಅವರು ಇನ್ನೂ ನಕ್ಕರು. ಮಾತು ತಮಾಷೆಯದಾದರೂ ನಿಜ. ದಿನವೆಲ್ಲ ದುಡಿದು ಮಂಚಿಕೆ ಹತ್ತುವವನು ತೂಕಡಿಸಿಯೇ ತೂಕಡಿಸುತ್ತಾನೆ. ಮಂಚಿಕೆಗೆ ಅಡ್ಡಗಟ್ಟೆ ಇದ್ದರೆ ತೂಕಡಿಕೆಯಲ್ಲಿ ಬೀಳುವುದು ತಪ್ಪಬಹುದು. ಆದರೆ ನಿಚ್ಚಣಿಕೆಯಿಂದ ಮಂಚಿಕೆಗೆ ಕಾಲು ದಾಟಿಸುವ ಆ ಒಂದು ಹೆಜ್ಜೆ ಇದೆಯಲ್ಲ, ಅದಕ್ಕೆ ಅಡ್ಡಗಟ್ಟೆ ಕೆಲಸಕ್ಕೆ ಬರುವುದಿಲ್ಲ. ಇಬ್ಬನಿ ಬಿದ್ದ ಕೊಂಬೆ, ಕೈಯಲ್ಲಿ ಬ್ಯಾಟರಿ, ನಿದ್ದೆಗಣ್ಣು. ಹೆದರಬೇಕಾದದ್ದು ಅಲ್ಲಿ.

ಮೊದಲು ಮನೆಯಲ್ಲಿದ್ದ ಹಗ್ಗಗಳನ್ನೇ ನೋಡಿದೆ. ಪುಂಡಿ ನಾರಿನ ಮಿಣಿ ಇತ್ತು. ಕೈಗೆ ಒಳ್ಳೆಯ ಹಿಡಿತ, ಗಂಟು ಜಾರುವುದಿಲ್ಲ. ಆದರೆ ನಾರಿನ ಹಗ್ಗ ಮಳೆಗೆ ನೆಂದು ಒಳಗಿನಿಂದ ಕೊಳೆಯುತ್ತದೆ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಪುಡಿಯಾಗಿರಬಹುದು. ದನ ಕಟ್ಟಲು ಸರಿ, ಮನುಷ್ಯನ ಜೀವ ಕಟ್ಟಲು ಬೇಡ. ಆಮೇಲೆ ಎಲ್ಲರ ಮನೆಯಲ್ಲೂ ಇರುವ ನೀಲಿ, ಹಳದಿ ಪ್ಲಾಸ್ಟಿಕ್ ಹಗ್ಗ. ಟ್ರ್ಯಾಕ್ಟರ್ ಟ್ರೇಲರ್‌ಗೆ ಹೇರು ಬಿಗಿಯಲು ಇದೇ ಹಗ್ಗ. ಇದು ಸಾಮಾನ್ಯವಾಗಿ ಪಾಲಿಪ್ರೊಪಿಲಿನ್. ಬಿಸಿಲಿಗೆ ಬೇಗ ಪೆಡಸಾಗುತ್ತದೆ, ಮುರಿದರೆ ಚೂರುಚೂರು ಎಳೆ ಕೈಗೆ ಚುಚ್ಚುತ್ತದೆ. ಸುಮಾರು 165 ಡಿಗ್ರಿಗೆ ಕರಗಿಬಿಡುತ್ತದೆ. ಹಗ್ಗದ ಮೇಲೆ ಹಗ್ಗ ಜೋರಾಗಿ ಉಜ್ಜಿದರೆ ಆ ಬಿಸಿ ಬರುವುದು ಕಷ್ಟವೇನಲ್ಲ. ನೈಲಾನ್ ಕರಗಲು 220 ಡಿಗ್ರಿಯಾದರೂ ಬೇಕು.

ಅಂಗಡಿಯವರು ಎಲ್ಲದಕ್ಕೂ "ನೈಲಾನ್ ಹಗ್ಗರಿ" ಅಂತಲೇ ಹೇಳುತ್ತಾರೆ. ಅದನ್ನು ಪರೀಕ್ಷಿಸುವುದು ಸುಲಭ. ಒಂದು ತುಂಡು ತಂದು ಬಕೆಟ್ ನೀರಿಗೆ ಹಾಕಿ, ಬೆರಳಿನಿಂದ ಹಿಂಡಿ ಒಳಗಿನ ಗಾಳಿ ಹೊರಡಿಸಿ. ತೇಲಿದರೆ ಅದು ಪಾಲಿಪ್ರೊಪಿಲಿನ್ ಇಲ್ಲವೇ ಪಾಲಿಥಿನ್. ನೈಲಾನ್ ಮತ್ತು ಪಾಲಿಯೆಸ್ಟರ್ ಮುಳುಗುತ್ತವೆ. ಹುಬ್ಬಳ್ಳಿಯ ದುರ್ಗದ ಬೈಲಿನ ಅಂಗಡಿಗಳಿಂದ ತಂದ ತುಂಡುಗಳಲ್ಲಿ ತೇಲಿದವೇ ಜಾಸ್ತಿ. ಅಂಗಡಿಯವರದ್ದೇನೂ ತಪ್ಪಿಲ್ಲ, ಹೇರು ಬಿಗಿಯುವವರಿಗೆ ಅದೇ ಬೇಕು.

ಮುಳುಗಿತು ಅಂದ ಮಾತ್ರಕ್ಕೆ ಹಗ್ಗ ಕೆಲಸಕ್ಕೆ ಬಂತು ಅಂತಲ್ಲ. ಮೂರು ಎಳೆ ಹೊಸೆದ ಹಗ್ಗಕ್ಕೆ ಜೋತುಬಿದ್ದರೆ ಅದು ಹುರಿ ಬಿಚ್ಚಿಕೊಳ್ಳುತ್ತಾ ಆಳನ್ನೇ ತಿರುಗಿಸುತ್ತದೆ. ನನಗೆ ಬೇಕಾದದ್ದು ಒಳಗೆ ತಿರುಳು, ಮೇಲೆ ಹೆಣೆದ ಕವಚ ಇರುವ ಹಗ್ಗ. ಬಾದಾಮಿಯ ಬಂಡೆ ಹತ್ತುವವರ ಕೈಯಲ್ಲಿ ನೋಡಿರುತ್ತೀರಿ. ಇದರಲ್ಲಿ ಎರಡು ಜಾತಿ. ಬಂಡೆ ಹತ್ತುವವರದ್ದು ಜಾಸ್ತಿ ಹಿಗ್ಗುವ ಡೈನಾಮಿಕ್ ಹಗ್ಗ. ಎತ್ತರದ ಕಟ್ಟಡಗಳಲ್ಲಿ ಕೆಲಸ ಮಾಡುವವರದ್ದು ಕಡಿಮೆ ಹಿಗ್ಗುವ ಸ್ಟ್ಯಾಟಿಕ್. ನಾನು 11 ಮಿಲಿಮೀಟರ್ ಸ್ಟ್ಯಾಟಿಕ್ ತೆಗೆದುಕೊಂಡೆ. ಅದರ ಮೇಲೆ ಯುರೋಪಿನ ಮಾನದಂಡವಾದ ಇಎನ್ 1891, ಟೈಪ್ ಎ ಅಂತ ಬರೆದಿರಬೇಕು. ಅಂದರೆ ಕನಿಷ್ಠ 22 ಕಿಲೋನ್ಯೂಟನ್ ತಡೆಯಬೇಕು, ನಮ್ಮ ಲೆಕ್ಕದಲ್ಲಿ 2,200 ಕೆಜಿಯ ಮೇಲೆ. ಗೋಕುಲ ರೋಡಿನ ಕಡೆ ಕಾರ್ಖಾನೆಗಳಿಗೆ ಸುರಕ್ಷಾ ಸಾಮಾನು ಮಾರುವ ಅಂಗಡಿಯಲ್ಲಿ ಹೇಳಿ ತರಿಸಿದೆ. 12 ಮೀಟರ್ ಸಾಕಾಯಿತು.

2,200 ಕೆಜಿ ಅಂದಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ. ನಾನು 70 ಕೆಜಿ, ನನಗೆ ಇಷ್ಟು ಯಾಕೆ? ಲೆಕ್ಕ ಹಾಕಿ ನೋಡೋಣ. ಹಗ್ಗ ಸಡಿಲ ಇದ್ದು 70 ಕೆಜಿ ಆಳು ಒಂದೂವರೆ ಮೀಟರ್ ಬಿದ್ದ ಅಂತಿಟ್ಟುಕೊಳ್ಳಿ. ಹಗ್ಗ 10 ಸೆಂಟಿಮೀಟರ್ ಹಿಗ್ಗಿ ಅವನನ್ನು ನಿಲ್ಲಿಸಿತು. ಆಗ ಸರಾಸರಿ ಎಳೆತವೇ 1,100 ಕೆಜಿ ತೂಕದಷ್ಟು. ಗಂಟು ಹಾಕಿದ ಕಡೆ ಹಗ್ಗದ ಬಲ ನಾಲ್ಕನೇ ಒಂದು ಭಾಗ ಕಡಿಮೆಯಾಗುವುದೂ ಉಂಟು. ಹಗ್ಗ ತಡೆದರೂ ಬೆನ್ನುಮೂಳೆ ತಡೆಯುತ್ತದಾ? ಅದಕ್ಕೇ ಬೀಳುವವರನ್ನು ತಡೆಯುವ ಸಲಕರಣೆಗಳಲ್ಲಿ ಮೈಮೇಲಿನ ಎಳೆತ 6 ಕಿಲೋನ್ಯೂಟನ್ ದಾಟಬಾರದು ಅಂತ ಮಿತಿ ಇದೆ. ಅಂದರೆ ಹಗ್ಗ ಎಷ್ಟು ಗಟ್ಟಿ ಅನ್ನುವುದು ಅರ್ಧ ಮಾತು. ಎಷ್ಟು ಸಡಿಲ ಬಿಟ್ಟಿದ್ದೀರಿ ಅನ್ನುವುದೇ ದೊಡ್ಡ ಮಾತು. ಕಟ್ಟುವ ಜಾಗ ತಲೆಗಿಂತ ಮೇಲಿದ್ದು, ಕೂತಾಗ ಹಗ್ಗದಲ್ಲಿ ಸಡಿಲವೇ ಇಲ್ಲದಿದ್ದರೆ, ಜಾರಿದರೂ ನೀವು ಬೀಳುವುದು ಗೇಣಿನಷ್ಟು.

ಇದೇ ಕಾರಣಕ್ಕೆ ಅಂಗಡಿಯವನು ತೋರಿಸಿದ ಒಂದು ಸಾಮಾನು ಬೇಡ ಅಂದೆ. ಅದು ಕಟ್ಟಡ ಕೆಲಸದವರ ಸುಮಾರು 2 ಮೀಟರಿನ ಲ್ಯಾನ್ಯಾರ್ಡ್, ಅಂದರೆ ಮೈಯ ಬೆಲ್ಟನ್ನು ಆಧಾರಕ್ಕೆ ಸಿಕ್ಕಿಸುವ ಹಗ್ಗ. ಅದಕ್ಕೆ ಮಡಿಸಿ ಹೊಲಿದ ಪಟ್ಟಿ ಇರುತ್ತದೆ. ಬಿದ್ದಾಗ ಹೊಲಿಗೆ ಹರಿಯುತ್ತಾ ಜೋರು ಎಳೆತ ನುಂಗಿಕೊಳ್ಳುತ್ತದೆ. ಹತ್ತನೇ ಮಹಡಿಗೆ ಅದು ಬಹಳ ಒಳ್ಳೆಯದು. ಆದರೆ ಲ್ಯಾನ್ಯಾರ್ಡ್ ಉದ್ದ 2 ಮೀಟರ್, ಪಟ್ಟಿ ಬಿಚ್ಚಿಕೊಂಡರೆ ಇನ್ನೂ ಒಂದೂಮುಕ್ಕಾಲು ಮೀಟರ್ ತನಕ, ಅದರ ಮೇಲೆ ಆಳಿನ ಎತ್ತರ. ನನ್ನ ಮಂಚಿಕೆಯೇ ನೆಲದಿಂದ ನಾಲ್ಕೂಕಾಲು ಮೀಟರ್. ಕಾಲ ಮಟ್ಟದಲ್ಲಿ ಹುಕ್ ಹಾಕಿ ಬಿದ್ದರೆ ಪಟ್ಟಿ ಪೂರ್ತಿ ಬಿಚ್ಚುವ ಮೊದಲೇ ನೆಲ ಸಿಗುತ್ತದೆ. ದುಡ್ಡು ಕೊಟ್ಟು ಸುಮ್ನೆ ಧೈರ್ಯ ಕೊಂಡಂತೆ.

ಮೈಗೆ ಕಟ್ಟುವುದನ್ನು ನಮ್ಮ ಕಡೆ ಸೇಫ್ಟಿ ಬೆಲ್ಟ್ ಅಂತಲೇ ಕೇಳಬೇಕು. ಆದರೆ ಸೊಂಟಕ್ಕೆ ಮಾತ್ರ ಕಟ್ಟುವ ಪಟ್ಟಿ ಕೊಟ್ಟರೆ ವಾಪಸ್ ಮಾಡಿ. ಬಿದ್ದಾಗ ಅದು ಹೊಟ್ಟೆ ಹಿಂಡುತ್ತದೆ, ಇಲ್ಲವೇ ತಲೆಕೆಳಗು ಮಾಡುತ್ತದೆ. ಹೆಗಲು, ಎದೆ, ಎರಡೂ ತೊಡೆ ಹಿಡಿಯುವ ಪೂರ್ತಿ ಮೈಯ ಬೆಲ್ಟ್ ಬೇಕು. ನಮ್ಮ ದೇಶದ ಮಾನದಂಡ ಐಎಸ್ 3521, ಯುರೋಪಿನದ್ದು ಇಎನ್ 361. ಎದೆಯ ಮುಂದೊಂದು, ಬೆನ್ನ ಹಿಂದೊಂದು, ಸೊಂಟದ ಎರಡೂ ಪಕ್ಕ ಒಂದೊಂದು ಕೊಂಡಿ ಇರುವಂಥದ್ದು ಆರಿಸಿದೆ. ಹತ್ತುವಾಗ ಮುಂದಿನದು, ಕಾಂಡಕ್ಕೆ ಒರಗಿ ಕೂತಾಗ ಹಿಂದಿನದು. ಹುಕ್ಕಿನ ವಿಷಯದಲ್ಲಿ ಒಂದೇ ಎಚ್ಚರ. ಕೀಲಿಕೈಗೆ ಹಾಕುವ ಬಣ್ಣಬಣ್ಣದ ಅಲ್ಯುಮಿನಿಯಂ ಹುಕ್ ಬೇಡ. ಮೈಮೇಲೆ ಕಿಲೋನ್ಯೂಟನ್ ಲೆಕ್ಕ ಕೆತ್ತಿರುವ, ತಿರುಗಿಸಿ ಬಿಗಿಯುವ ಬೀಗ ಇರುವ ಕ್ಯಾರಬಿನರ್ ಬೇಕು.

ಇಷ್ಟು ಕೊಂಡದ್ದು. ಬೆಲ್ಟನ್ನಾಗಲಿ, ದಪ್ಪ ಹಗ್ಗವನ್ನಾಗಲಿ ಮನೆಯಲ್ಲಿ ಮಾಡಲು ಹೋಗಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಟ್ರ್ಯಾಕ್ಟರ್ ಸೀಟಿನ ಪಟ್ಟಿ ಹೊಲಿಸಿ ಬೆಲ್ಟ್ ಮಾಡಿಕೊಂಡವರನ್ನು ನೋಡಿದ್ದೇನೆ. ಪಟ್ಟಿ ಗಟ್ಟಿಯೇ ಇರುತ್ತದೆ, ಹೊಲಿಗೆಯ ಲೆಕ್ಕ ಯಾರಿಗೆ ಗೊತ್ತು?

ನಾನೇ ಮಾಡಿದ್ದು ಜಾರುಗಂಟಿನ ಕುಣಿಕೆ. ಇದರ ಹೆಸರು ಪ್ರೂಸಿಕ್. ಕಾರ್ಲ್ ಪ್ರೂಸಿಕ್ ಅನ್ನುವ ಆಸ್ಟ್ರಿಯಾದ ಪರ್ವತಾರೋಹಿ 1931ರಲ್ಲಿ ಇದನ್ನು ಜನಕ್ಕೆ ತೋರಿಸಿಕೊಟ್ಟರು. ದಪ್ಪ ಹಗ್ಗಕ್ಕೆ ಸಣ್ಣ ಹುರಿಯ ಕುಣಿಕೆಯನ್ನು ಮೂರು ಸುತ್ತು ಸುತ್ತಿ ಅದರೊಳಗಿಂದಲೇ ಎಳೆಯುವುದು, ಅಷ್ಟೇ. ಭಾರ ಇಲ್ಲದಾಗ ಕೈಯಿಂದ ದೂಡಿದರೆ ಮೇಲೆ ಕೆಳಗೆ ಸರಿಯುತ್ತದೆ. ಭಾರ ಬಿದ್ದರೆ ಕಚ್ಚಿಕೊಳ್ಳುತ್ತದೆ. ಕುಣಿಕೆಯ ಹುರಿ ದಪ್ಪ ಹಗ್ಗದ ಶೇ 60ರಿಂದ 80ರಷ್ಟು ದಪ್ಪ ಇರಬೇಕು. ತೀರಾ ಸಣ್ಣದಾದರೆ ಸರಿಸಲು ಬಾರದಂತೆ ಕಚ್ಚುತ್ತದೆ, ದಪ್ಪವಾದರೆ ಜಾರುತ್ತದೆ. ನನ್ನ 11 ಮಿಲಿಮೀಟರ್ ಹಗ್ಗಕ್ಕೆ 8 ಮಿಲಿಮೀಟರಿನ ನೈಲಾನ್ ಹುರಿ ಒಗ್ಗಿತು. ಅದೂ ತಿರುಳು, ಕವಚ ಇರುವ ಹುರಿಯೇ. ಒಂದೂವರೆ ಮೀಟರ್ ತುಂಡಿನ ಎರಡು ತುದಿಗಳನ್ನು ಡಬಲ್ ಫಿಶರ್‌ಮನ್ ಗಂಟಿನಿಂದ ಸೇರಿಸಿದೆ. ಗಂಟಿನಾಚೆ ಎರಡೂ ಕಡೆ ನಾಲ್ಕು ಬೆರಳು ಉದ್ದ ಬಾಲ ಬಿಟ್ಟೆ. ನಮ್ಮ ಜೀರುಗುಣಿಕೆಯನ್ನು ಇಲ್ಲಿ ತರಲೇಬೇಡಿ. ಅದು ಎಳೆದರೆ ಬಿಚ್ಚುವ ಗಂಟು.

ದಪ್ಪ ಹಗ್ಗದ ಮೇಲ್ತುದಿಗೆ ಎಂಟರ ಆಕಾರದ ಗಂಟಿನಿಂದ ಒಂದು ಕಣ್ಣು ಮಾಡಿದೆ. ಮಂಚಿಕೆಯ ಮೇಲೆ ನಿಂತಾಗ ತಲೆಗಿಂತ ಎತ್ತರದಲ್ಲಿ, ಒಂದು ದಪ್ಪ ಕವಲಿನ ಮೇಲೆ, ಹಗ್ಗವನ್ನು ಕಾಂಡಕ್ಕೆ ಸುತ್ತಿ ಇನ್ನೊಂದು ತುದಿಯನ್ನು ಆ ಕಣ್ಣಿನೊಳಗಿಂದ ತೂರಿಸಿ ಎಳೆದೆ. ಎಳೆದಷ್ಟೂ ಕಾಂಡಕ್ಕೆ ಬಿಗಿಯುತ್ತದೆ, ಕವಲು ಅದನ್ನು ಕೆಳಗೆ ಜಾರಲು ಬಿಡುವುದಿಲ್ಲ. ಕೆಳತುದಿಯನ್ನು ಬುಡಕ್ಕೆ ಕಟ್ಟಿದೆ. ಹಗ್ಗ ಬಿಗಿಯಾಗಿದ್ದರೆ ಗಂಟು ಒಂದೇ ಕೈಯಲ್ಲಿ ಸರಿಯುತ್ತದೆ. ಇದನ್ನು ಕಟ್ಟಲು ಮೊದಲ ಸಲ ಹತ್ತಬೇಕಲ್ಲ, ಆಗ ಏನು ಮಾಡುವುದು? ಹಗಲಲ್ಲೇ ಮಾಡಿ. ಕೆಳಗೆ ನಿಚ್ಚಣಿಕೆ ಹಿಡಿಯಲು ಒಬ್ಬರಿರಲಿ. ವಿದ್ಯುತ್ ಕಂಬ ಹತ್ತುವ ಲೈನ್‌ಮನ್‌ಗಳು ಮಾಡುವಂತೆ ಒಂದು ಹಗ್ಗವನ್ನು ಕಾಂಡ ಬಳಸಿ ಬೆಲ್ಟಿನ ಎರಡೂ ಪಕ್ಕದ ಕೊಂಡಿಗೆ ಹಾಕಿಕೊಳ್ಳಿ. ನನಗೆ ನಿಚ್ಚಣಿಕೆ ಹಿಡಿದವರು ಕಾಕಾನೇ. ಬಾಯಿ ಮಾತ್ರ ಸುಮ್ಮನಿರಲಿಲ್ಲ.

ಮರದ ಬಗ್ಗೆ ಒಂದು ಮಾತು. ನುಗ್ಗೆ, ನೇರಳೆ ಕೊಂಬೆ ನಂಬಬೇಡಿ, ಪಟಕ್ಕನೆ ಮುರಿಯುತ್ತವೆ. ಮಾವು ಪರವಾಗಿಲ್ಲ, ಹುಣಸೆ ಇನ್ನೂ ಒಳ್ಳೆಯದು. ಹಗ್ಗ ಕಟ್ಟಬೇಕಾದದ್ದು ಕಾಂಡಕ್ಕೆ, ಕೊಂಬೆಗಲ್ಲ. ಕಟ್ಟುವ ಮುಂಚೆ ಕೆಂಪಿರುವೆಯ ಗೂಡು ಇದೆಯಾ ಅಂತ ಮೇಲೆ ನೋಡಿ. ಬೆಲ್ಟ್ ಹಾಕಿಕೊಂಡು ಅರ್ಧ ಮರದಲ್ಲಿ ಇರುವೆ ಒಳಹೊಕ್ಕರೆ ಯಾವ ಗಂಟೂ ಕಾಪಾಡುವುದಿಲ್ಲ.

ಹತ್ತುವ ಕ್ರಮ ಹೀಗೆ. ನೆಲದ ಮೇಲೆ ನಿಂತೇ ಎದೆಯ ಕೊಂಡಿಯನ್ನು ಪ್ರೂಸಿಕ್‌ಗೆ ಹಾಕಿಕೊಳ್ಳುತ್ತೇನೆ. ಒಂದೊಂದು ಮೆಟ್ಟಿಲಿಗೂ ಗಂಟನ್ನು ತಲೆಗಿಂತ ಮೇಲೆ ಸರಿಸಿ ಆಮೇಲೆ ಕಾಲು ಎತ್ತುತ್ತೇನೆ. ಗಂಟನ್ನೇ ಹಿಡಿದುಕೊಂಡು ಹತ್ತಬಾರದು. ಗಾಬರಿಯಲ್ಲಿ ಮುಷ್ಟಿ ಬಿಡದಿದ್ದರೆ ಗಂಟು ಕಚ್ಚದೆ ಕೈಯೊಂದಿಗೇ ಕೆಳಗೆ ಜಾರುತ್ತದೆ. ಮೇಲೆ ಹೋದ ಮೇಲೆ ಅದೇ ಹಗ್ಗಕ್ಕೆ ಸುತ್ತಿದ ಎರಡನೆಯ ಕುಣಿಕೆಯನ್ನು ಬೆನ್ನಿನ ಕೊಂಡಿಗೆ ಹಾಕಿ, ಅದು ಬಿಗಿದಿದೆ ಅಂತ ಎಳೆದು ನೋಡಿ, ಆಮೇಲೆ ಎದೆಯದನ್ನು ಬಿಚ್ಚುತ್ತೇನೆ. ಕಂಬಳಿ, ಡಬ್ಬಿ, ಥರ್ಮಾಸ್ ಕೈಯಲ್ಲಿ ಒಯ್ಯುವುದಿಲ್ಲ. ಅವಕ್ಕೊಂದು ಬೇರೆ ಹಗ್ಗ ಇದೆ. ಮೇಲೆ ಕೂತ ಮೇಲೆ ಎಳೆದುಕೊಳ್ಳುತ್ತೇನೆ. ಈ ಕೆಲಸಕ್ಕೆ ಪುಂಡಿ ಮಿಣಿ ಭೇಷ್.

ಕತ್ತಲಲ್ಲಿ ಹತ್ತುವ ಮೊದಲು ಹಗಲಲ್ಲಿ ನೆಲದಿಂದ ಎರಡಡಿ ಎತ್ತರದಲ್ಲಿ ಜೋತುಬಿದ್ದು ನೋಡಿ. ಪೂರ್ತಿ ಭಾರ ಬಿಡಿ. ತೊಡೆಯ ಪಟ್ಟಿ ಕಚ್ಚುತ್ತದೆ. ಇದು ಕಲಘಟಗಿಯ ತೊಟ್ಟಿಲಲ್ಲ. ಅಲ್ಲಾಡದೆ ಹಾಗೇ ಜೋತಾಡುತ್ತಿದ್ದರೆ ಕಾಲಲ್ಲಿ ರಕ್ತ ನಿಂತುಕೊಳ್ಳುತ್ತದೆ, ಕೆಲವೇ ನಿಮಿಷಗಳಲ್ಲಿ ಆಳು ಮೂರ್ಛೆ ಹೋಗಬಹುದು. ಆದ್ದರಿಂದ ಕಿಸೆಯಲ್ಲಿ ಇನ್ನೊಂದು ಉದ್ದನೆಯ ಕುಣಿಕೆ ಇಟ್ಟಿರುತ್ತೇನೆ. ಬಿದ್ದರೆ ಅದನ್ನು ಬೆಲ್ಟಿಗೆ ಸಿಕ್ಕಿಸಿ, ಪಾದ ಇಟ್ಟು ಎದ್ದು ನಿಲ್ಲಬೇಕು. ತೊಡೆಯ ಭಾರ ಇಳಿಯುತ್ತದೆ, ನಿಚ್ಚಣಿಕೆ ಕೈಗೆ ಸಿಗುತ್ತದೆ. ಫೋನು ಮತ್ತು ಪೀಪಿ ಅಂಗಿಯ ಎದೆಗಿಸೆಯಲ್ಲಿ. ಕಂಬಳಿಯ ಮೇಲೆ ಬಿಟ್ಟ ಫೋನು ಜೋತಾಡುವವನಿಗೆ ಸಿಗುವುದಿಲ್ಲ. ಯಾವ ಮರ, ಯಾವಾಗ ಇಳಿಯುತ್ತೇನೆ ಅನ್ನುವುದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು.

ಹಗ್ಗ ಇಡುವ ಜಾಗದ ಬಗ್ಗೆ ನಾನು ಸ್ವಲ್ಪ ಜಿಗುಟು. ಪಂಪ್‌ಸೆಟ್ ಮನೆಯಲ್ಲಿ ಇಡಲು ಬಿಡುವುದಿಲ್ಲ. ಅಲ್ಲಿ ಟ್ರ್ಯಾಕ್ಟರ್ ಬ್ಯಾಟರಿ, ಗೊಬ್ಬರ, ಎಣ್ಣೆ ಹೊಡೆಯುವ ಡಬ್ಬಿ ಎಲ್ಲಾ ಇರುತ್ತವೆ. ಬ್ಯಾಟರಿಯ ಆ್ಯಸಿಡ್ ತಾಗಿದರೆ ನೈಲಾನ್ ಕಣ್ಣಿಗೆ ಕಾಣದಂತೆ ಸತ್ವ ಕಳೆದುಕೊಳ್ಳುತ್ತದೆ. ಇಲಿ ಬೇರೆ ಕಡಿಯುತ್ತದೆ. ಸುಗ್ಗಿ ಮುಗಿದ ಮೇಲೆ ಮರದಿಂದ ಇಳಿಸಿ, ಬರೀ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಬಟ್ಟೆ ಚೀಲದಲ್ಲಿ ಹಾಕಿ ಅಟ್ಟಕ್ಕೆ. ಇಡುವ ಮುಂಚೆ ಕಣ್ಣು ಮುಚ್ಚಿ ಇಡೀ ಹಗ್ಗವನ್ನು ಬೆರಳಿನ ನಡುವೆ ಹಾಯಿಸುತ್ತೇನೆ. ಎಲ್ಲಾದರೂ ಚಪ್ಪಟೆ, ಗಡಸು, ಇಲ್ಲವೇ ಒಳಗೆ ತಿರುಳು ತುಂಡಾದ ಹಾಗೆ ಮೆತ್ತಗೆ ಸಿಕ್ಕರೆ ಆ ಹಗ್ಗ ಮತ್ತೆ ಮರ ಹತ್ತುವುದಿಲ್ಲ.

8 ಮಿಲಿಮೀಟರಿನ ಕುಣಿಕೆಗಳು ಮಾತ್ರ ಪ್ರತಿ ಹಂಗಾಮಿಗೆ ಹೊಸದು. ಎಲ್ಲಾ ಉಜ್ಜಾಟ ಅವಕ್ಕೇ, ಮತ್ತು ಹುರಿಗೆ ಅಂಥ ಖರ್ಚೇನೂ ಇಲ್ಲ. ಹಳೆಯವನ್ನು ಕತ್ತರಿಸಿ ತುಂಡು ಮಾಡಿಬಿಡುತ್ತೇನೆ. ಇಲ್ಲದಿದ್ದರೆ ಕಾಕಾ ಎತ್ತಿಟ್ಟು ಮುಂದಿನ ವರ್ಷ ತಾವೇ ಹಾಕಿಕೊಂಡು ಹತ್ತುತ್ತಾರೆ. ಹೌದು, ಈಗ ಅವರೂ ಬೆಲ್ಟ್ ಕೇಳುತ್ತಾರೆ.