ಕಲಬುರಗಿಯಲ್ಲಿ ಸಿ. ಆಬ್ರಿ ಸ್ಮಿತ್: ಹಳೆಯ ಟಾಕಿಯ ಪೋಷಕ ನಟನನ್ನು ತೋರಿಸುವ ಬಗೆ

ಪೋಷಕ ನಟನ ಚಿತ್ರಗಳನ್ನು ಒಂದಾದ ಮೇಲೊಂದು ಪೂರ್ತಿ ತೋರಿಸಿದರೆ ಜನ ನಾಯಕ, ನಾಯಕಿಯನ್ನಷ್ಟೇ ನೋಡಿ ಎದ್ದು ಹೋಗುತ್ತಾರೆ. ಅವನ ಕೆಲಸ ಕಣ್ಣಿಗೆ ಬೀಳಬೇಕಾದರೆ ದೃಶ್ಯಗಳನ್ನು ಆರಿಸಿ ಇಸವಿಯ ಪ್ರಕಾರ ಜೋಡಿಸಬೇಕು, ಕೊನೆಗೆ ಒಂದೇ ಒಂದು ಚಿತ್ರ ಪೂರ್ತಿ ತೋರಿಸಬೇಕು. ಸಂಜೆ 5.30ಕ್ಕೆ ಶುರು ಮಾಡಿದರೆ 8.30ರೊಳಗೆ ಮುಗಿಯುವಂತೆ ಲೆಕ್ಕ ಹಾಕಿಕೊಳ್ಳಿ.

ನಮ್ಮ ಕಡೆಯ ನೋಡುಗರಿಗೆ ಹಾಲಿವುಡ್‌ನ ಹಳೆಯ ಇಂಗ್ಲಿಷ್ ಪೋಷಕ ನಟ ಆಬ್ರಿ ಸ್ಮಿತ್ ಒಳ್ಳೆಯ ಆಯ್ಕೆ. ಹುಟ್ಟಿದ್ದು 1863ರಲ್ಲಿ, ಲಂಡನ್ನಿನಲ್ಲಿ. ಇಂಗ್ಲೆಂಡಿಗೆ ಆಡಿದ್ದು ಒಂದೇ ಟೆಸ್ಟ್, ಅದರಲ್ಲಿ ತಾನೇ ನಾಯಕ: 1889ರ ಮಾರ್ಚ್‌ನಲ್ಲಿ ಪೋರ್ಟ್ ಎಲಿಜಬೆತ್‌ನಲ್ಲಿ, ದಕ್ಷಿಣ ಆಫ್ರಿಕಾದ ವಿರುದ್ಧ. ಮೊದಲ ಇನ್ನಿಂಗ್ಸ್‌ನಲ್ಲಿ 19 ರನ್ನಿಗೆ 5 ವಿಕೆಟ್ ಕಿತ್ತ. ಇಷ್ಟು ಹೇಳಿದರೆ ಕಾಲೇಜು ಹುಡುಗರು ಕಿವಿಗೊಡುತ್ತಾರೆ. ರಂಗಾಯಣದ ಕಡೆಯವರಿಗೆ ಬೇರೆ ಮಾತು ಹೇಳಿ: ಈತ ದಶಕಗಳ ಕಾಲ ರಂಗದ ಮೇಲೆ ಪಳಗಿದವನು. 1928ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗದಲ್ಲಿ 'ದಿ ಬ್ಯಾಚುಲರ್ ಫಾದರ್' ನಾಟಕ ಆಡಿ, 1931ರಲ್ಲಿ ಅದೇ ಪಾತ್ರಕ್ಕೆ ಹಾಲಿವುಡ್ ಟಾಕಿಯಲ್ಲಿ ನಿಂತಾಗ ವಯಸ್ಸು 67. ಮೂಕಿಚಿತ್ರಗಳಲ್ಲೂ ಇದ್ದ, ಆದರೆ ಅಲ್ಲಿ ಅವನ ದೊಡ್ಡ ಆಸ್ತಿಯಾದ ಧ್ವನಿಗೆ ಕೆಲಸವೇ ಇರಲಿಲ್ಲ. ಟಾಕಿ ಬಂದಾಗ ಸ್ಟುಡಿಯೋಗಳಿಗೆ ಮಾತು ಸ್ಪಷ್ಟವಾಗಿ ಆಡಬಲ್ಲ ರಂಗನಟರು ಬೇಕಾದರು. ಕನ್ನಡದ ಮೊದಲ ಟಾಕಿ, 1934ರ 'ಸತಿ ಸುಲೋಚನ'ಕ್ಕೆ ನಮ್ಮ ಕಂಪನಿ ನಾಟಕದ ನಟರು ಹೋದದ್ದೂ ಇದೇ ಕಾಲದ ಮಾತು. ಆ ಚಿತ್ರದ ಪ್ರತಿ ಉಳಿದಿಲ್ಲ. ಹಾಗಾಗಿ ರಂಗದ ಗಂಟಲು ಮೈಕಿಗೆ ಹೇಗೆ ಹೊಂದಿಕೊಂಡಿತು ಎಂದು ಕಾಣಲು ಸ್ಮಿತ್‌ನಂಥವರ ಚಿತ್ರಗಳೇ ದಾರಿ.

ದೃಶ್ಯಗಳು ಐದು ಸಾಕು, ಒಂದೊಂದೂ 4ರಿಂದ 6 ನಿಮಿಷ. 1932ರ 'ಲವ್ ಮಿ ಟುನೈಟ್'ನಲ್ಲಿ ಮುದಿ ಡ್ಯೂಕ್ ಬೆಳಗ್ಗೆ ಎದ್ದು 'ಮಿಮಿ' ಹಾಡಿಕೊಳ್ಳುವುದನ್ನು ಮೊದಲು ಇಡಿ. ಗಂಭೀರ ಮುದುಕ ಎಂದುಕೊಂಡು ಬಂದವರು ಅಲ್ಲೇ ಸಡಿಲಾಗುತ್ತಾರೆ. ಆಮೇಲೆ 1933ರ 'ಮಾರ್ನಿಂಗ್ ಗ್ಲೋರಿ', ಅದೇ ವರ್ಷದ 'ಕ್ವೀನ್ ಕ್ರಿಸ್ಟಿನಾ' (ಇಲ್ಲಿ ದೊರೆಯಲ್ಲ, ರಾಣಿಯ ಆಳು), 1937ರ 'ದಿ ಪ್ರಿಸನರ್ ಆಫ್ ಜೆಂಡಾ', 1940ರ 'ರೆಬೆಕಾ'. ಜೆಂಡಾದ ಮುಂಚೆ ಒಂದು ಮಾತು ಹೇಳಲೇಬೇಕು: 1896ರಲ್ಲಿ ಲಂಡನ್ನಿನಲ್ಲಿ ಇದೇ ಕಥೆ ನಾಟಕವಾದಾಗ ಸ್ಮಿತ್ ಅದರಲ್ಲಿ ನಟಿಸಿದ್ದ, 41 ವರ್ಷದ ನಂತರ ಚಿತ್ರದಲ್ಲಿ ರಾಜನಿಷ್ಠ ಕರ್ನಲ್ ಜಾಪ್ಟ್.

ದೃಶ್ಯ ಕತ್ತರಿಸುವಾಗ ಅವನ ಮಾತಿನಿಂದ ಶುರು ಮಾಡಬೇಡಿ. ಅವನು ಒಳಗೆ ಬರುವ ಸುಮಾರು 20 ಸೆಕೆಂಡ್ ಮೊದಲಿನಿಂದ ಹಿಡಿಯಿರಿ, ಮಾತು ಮುಗಿದ ಮೇಲೂ ಅಷ್ಟೇ ಬಿಡಿ. ಪೋಷಕ ನಟನ ಅರ್ಧ ಕೆಲಸ ಬೇರೆಯವರ ಮಾತು ಕೇಳುವುದರಲ್ಲಿದೆ. 'ಮಾರ್ನಿಂಗ್ ಗ್ಲೋರಿ'ಯಲ್ಲಿ ಆತ ಹೆಡ್ಜಸ್ ಎಂಬ ಹಳೆಯ ನಟ. ಕ್ಯಾಥರಿನ್ ಹೆಪ್‌ಬರ್ನ್‌ಳ ಪಾತ್ರವನ್ನು ಪಾರ್ಟಿಗೆ ಕರೆತರುತ್ತಾನೆ, ಅವಳು ಅಲ್ಲಿ ಕುಡಿದ ಅಮಲಿನಲ್ಲಿ ಶೇಕ್ಸ್‌ಪಿಯರ್ ಒಪ್ಪಿಸುತ್ತಾಳೆ. ಇದನ್ನು ಮೂರು ಸಲ ಹಾಕಿ. ಮೊದಲು ಸದ್ದಿಲ್ಲದೆ: ಸ್ಮಿತ್ ಚೌಕಟ್ಟಿನಲ್ಲಿ ಇರುವಾಗಲೆಲ್ಲ ಅವನ ಹುಬ್ಬು, ಕಣ್ಣಿನ ದಿಕ್ಕು ಗಮನಿಸಲು ಹೇಳಿ. ಎರಡನೆಯ ಸಲ ಪ್ರೊಜೆಕ್ಟರ್‌ಗೆ ಮುಚ್ಚಳ ಹಾಕಿ ಧ್ವನಿ ಮಾತ್ರ. ಮೂರನೆಯ ಸಲ ಎರಡೂ. ನಟನೆ ಕಲಿಯುವವರಿಗೆ ಇಡೀ ಸಂಜೆಯಲ್ಲಿ ಅತಿ ಹೆಚ್ಚು ಸಿಗುವುದು ಇಲ್ಲೇ, ಇಲ್ಲಿ ಸಮಯಕ್ಕೆ ಜಿಪುಣತನ ಮಾಡಬೇಡಿ.

ಪೂರ್ತಿ ತೋರಿಸಲು 1936ರ 'ಲಿಟ್ಲ್ ಲಾರ್ಡ್ ಫಾಂಟ್ಲೆರಾಯ್'. ಗೌಟ್ ಎಂಬ ಕೀಲುಬೇನೆ ಹಿಡಿದ ಕಾಲಿನ ಸಿಡುಕು ಅಜ್ಜ, ಮುಗ್ಧ ಮೊಮ್ಮಗ; ಮನೆಮಂದಿಯೆಲ್ಲ ನೋಡಬಹುದು. ಅವಧಿ ಸುಮಾರು 102 ನಿಮಿಷ. ನಿಮಗೆ ಸಿಕ್ಕ ಪ್ರತಿ 98 ನಿಮಿಷಕ್ಕೇ ಮುಗಿದರೆ ಅದು ಸೆಕೆಂಡಿಗೆ 24ರ ಬದಲು 25 ಚೌಕಟ್ಟು ಓಡುವ ಪಾಲ್ (ಭಾರತ, ಯುರೋಪಿನ ಹಳೆಯ ಟಿವಿ ಪದ್ಧತಿ) ಪ್ರತಿ. ಚಿತ್ರ ಶೇಕಡಾ 4ರಷ್ಟು ಬೇಗ ಓಡುತ್ತದೆ, ಧ್ವನಿಯ ಶ್ರುತಿಯೂ ಮೇಲೇರಬಹುದು. ಸ್ಮಿತ್‌ನ ಗಡಸು ಕಂಠ ತೆಳ್ಳಗಾದರೆ ಈ ಕಾರ್ಯಕ್ರಮಕ್ಕೆ ಅರ್ಥವೇ ಇಲ್ಲ, ಬೇರೆ ಪ್ರತಿ ಹುಡುಕಿ.

ಹಕ್ಕಿನ ವಿಚಾರ: ನಮ್ಮ ಕಾನೂನಿನಲ್ಲಿ ಚಲನಚಿತ್ರದ ಹಕ್ಕು ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ. ಹೊಸ ಡಿವಿಡಿಯ ಸಬ್‌ಟೈಟಲ್, ವ್ಯಾಖ್ಯಾನ ಅದರಲ್ಲಿ ಸೇರುವುದಿಲ್ಲ, ಅವು ಬೇರೆಯವರ ಸ್ವತ್ತು. ಸ್ವಂತ ಒಟಿಟಿ ಖಾತೆಯಿಂದ ಸಭೆಗೆ ತೋರಿಸಬೇಡಿ.

ಕನ್ನಡ ಸಬ್‌ಟೈಟಲ್ ನೀವೇ ಮಾಡಬೇಕು, ಹೆಚ್ಚು ಎಡವುವುದೂ ಅಲ್ಲೇ. ನುಡಿ ಅಥವಾ ಬರಹದ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ಟೈಪ್ ಮಾಡಿಸಿದರೆ ಪರದೆಯ ಮೇಲೆ ಕನ್ನಡದ ಬದಲು ಅರ್ಥವಾಗದ ಚಿಹ್ನೆಗಳ ಸಾಲು ಬರುತ್ತದೆ. ಡಿಟಿಪಿ ಅಂಗಡಿಗೆ ಕೊಡುವಾಗಲೇ ಯೂನಿಕೋಡ್ ಬೇಕು ಎಂದು ಹೇಳಿ, ಎಸ್‌ಆರ್‌ಟಿ (ಸಬ್‌ಟೈಟಲ್) ಫೈಲನ್ನು ಯುಟಿಎಫ್-8 ಆಗಿ ಉಳಿಸಿ. ವಿಡಿಯೋ ಓಡಿಸುವ ತಂತ್ರಾಂಶ ವಿಎಲ್‌ಸಿಯ ಸಬ್‌ಟೈಟಲ್ ಸೆಟ್ಟಿಂಗ್‌ನಲ್ಲಿ ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಆರಿಸಿ. ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ವಿಎಲ್‌ಸಿ ಹಳೆಯದಿರಬಹುದು, ಹೊಸದು ಹಾಕಿಕೊಳ್ಳಿ. ಒಮ್ಮೆಗೆ ಎರಡೇ ಸಾಲು, ಸಾಲಿಗೆ 30 ಅಕ್ಷರದ ಆಸುಪಾಸು, ಕನಿಷ್ಠ 2 ಸೆಕೆಂಡ್ ನಿಲ್ಲಲಿ. ಸಾಲು ಮೊದಲಿನಿಂದ ಕೊನೆಯವರೆಗೆ ಒಂದೇ ಅಂತರದಲ್ಲಿ ತಪ್ಪಿದ್ದರೆ ವಿಎಲ್‌ಸಿಯಲ್ಲಿ ಜಿ ಅಥವಾ ಎಚ್ ಕೀ ಒತ್ತಿ ಸರಿಪಡಿಸಬಹುದು. ಒತ್ತಿದ ಪ್ರತಿ ಸಲ 50 ಮಿಲಿಸೆಕೆಂಡ್ ಸರಿಯುತ್ತದೆ. ಅಂತರ ಬರುಬರುತ್ತಾ ಹೆಚ್ಚಾದರೆ ಆಗಲೇ ಹೇಳಿದ 24, 25ರ ತಕರಾರು, ಇಡೀ ಫೈಲನ್ನೇ ಹಿಗ್ಗಿಸಬೇಕು ಅಥವಾ ಕುಗ್ಗಿಸಬೇಕು.

ಜಾಗ ದೊಡ್ಡದು ಬೇಡ. ಎಸ್. ಎಂ. ಪಂಡಿತ್ ರಂಗಮಂದಿರದ ಹೆಸರು ಈ ಕೆಲಸಕ್ಕೆ ಚೆಂದ ಒಪ್ಪುತ್ತದೆ, ಪಂಡಿತರು ಮುಂಬೈಯಲ್ಲಿ ಸಿನಿಮಾ ಪೋಸ್ಟರ್ ಬರೆದು ಹೆಸರಾದ ಕಲಬುರಗಿಯವರು. ಆದರೆ 40 ಜನರಿಗೆ ಅದು ತೀರಾ ದೊಡ್ಡದು. ಸಣ್ಣ ಸಭಾಂಗಣದ ತೊಂದರೆ ಎಂದರೆ ಶಹಾಬಾದ್ ಕಲ್ಲಿನ ನೆಲ, ಬರೀ ಗೋಡೆ. 1930ರ ದಶಕದ ಧ್ವನಿಪಟ್ಟಿಯಲ್ಲಿ ಮೊದಲೇ ಮೇಲಿನ ಸ್ವರ ಕಡಿಮೆ, ಪ್ರತಿಧ್ವನಿ ಸೇರಿದರೆ ವ್ಯಂಜನಗಳು ಕಲಸಿಹೋಗುತ್ತವೆ. ನೆಲಕ್ಕೆ ಜಮಖಾನ ಹಾಸಿ, ಹಿಂದಿನ ಗೋಡೆಗೆ ದಪ್ಪ ಪರದೆ ಇಳಿಬಿಡಿ. ಧ್ವನಿ ಮೋನೋ, ಹಾಗಾಗಿ ಒಂದೇ ಸ್ಪೀಕರ್ ಸಾಕು, ಪರದೆಯ ಕೆಳಗೆ ನಡುಮಧ್ಯೆ ಇಡಿ. ಸೌಂಡ್ ಸಿಸ್ಟಮ್ ಬಾಡಿಗೆಗೆ ತಂದಿದ್ದರೆ ಮಿಕ್ಸರ್‌ನ ಎಕೋ ಗುಂಡಿ ಮೊದಲು ನೋಡಿ. ಮದುವೆ, ಆರ್ಕೆಸ್ಟ್ರಾಕ್ಕೆ ಹಾಕಿದ ಎಕೋ ಹಾಗೇ ಉಳಿದಿರುತ್ತದೆ. ಬಾಸ್ ಇಳಿಸಿ.

ಚಿತ್ರ 8 ಅಡಿ ಅಗಲ, 6 ಅಡಿ ಎತ್ತರ ಇರಲಿ. ಈ ಕಾಲದ ಚಿತ್ರಗಳ ಆಕಾರ ಹೆಚ್ಚುಕಡಿಮೆ 4:3. ಪ್ರೊಜೆಕ್ಟರ್ 16:9ಕ್ಕೆ ಎಳೆದರೆ ಎತ್ತರದ ಸ್ಮಿತ್ ಗಿಡ್ಡನಾಗುತ್ತಾನೆ. ಎರಡೂ ಬದಿ ಕಪ್ಪು ಉಳಿಯುವುದೇ ಸರಿ. ಬೇಸಿಗೆಯಲ್ಲಿ ದಿನ ಜಾರುವ ಮುಂಚೆ ಕಿಟಕಿಯ ಬೆಳಕು ಕಾಡುತ್ತದೆ, ಕಪ್ಪು ಬಟ್ಟೆ ಕಟ್ಟಿ. ಏಪ್ರಿಲ್, ಮೇ ತಿಂಗಳಲ್ಲಿ ಧೂಳು ಕಟ್ಟಿದ ಫಿಲ್ಟರ್‌ನಿಂದ ಪ್ರೊಜೆಕ್ಟರ್ ಕಾದು ನಿಂತುಬಿಡುತ್ತದೆ: ಹಿಂದಿನ ದಿನ ಫಿಲ್ಟರ್ ಜಾಡಿಸಿ, ಗಾಳಿ ಬಿಡುವ ಬದಿಗೆ ಒಂದು ಅಡಿ ತೆರವು ಬಿಡಿ. ಕರೆಂಟ್ ಹೋದರೆ ಪ್ರೊಜೆಕ್ಟರ್‌ನ ದೀಪ ತಣಿಯದೆ ಆರುವುದೇ ಹೆಚ್ಚು ಕೆಟ್ಟದ್ದು, ಆದ್ದರಿಂದ ಯುಪಿಎಸ್ ಸಿಗುವುದು ಒಂದೇ ಆದರೆ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲಿರಲಿ, ಯುಪಿಎಸ್ ಪ್ರೊಜೆಕ್ಟರ್‌ಗೆ ಕೊಡಿ.