ಚಿಪ್ಪಣಬೆಯಲ್ಲಿ ಜಂತುಹುಳದ ಮದ್ದು ಹುಡುಕಿದ ಕತೆ

ಶಿರಾ ಕಡೆಯ ಕುರಿಹಟ್ಟಿಯೊಂದರಲ್ಲಿ ಅಜ್ಜ ಒಬ್ಬರು ಕುರಿಯ ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದರು. ಕೆಂಪಗಿರಬೇಕಾದ ಜಾಗ ಸುಣ್ಣದ ಹಾಗೆ ಬೆಳ್ಳಗಿತ್ತು. ಗದ್ದದ ಕೆಳಗೆ ನೀರು ತುಂಬಿ ಜೋತಿತ್ತು. "ಎರಡು ಸಲ ಔಷಧಿ ಕುಡಿಸಿದೀನಿ ಕಣಮ್ಮಾ, ಹುಳ ಜಗ್ತಿಲ್ಲ" ಅಂದರು.

ಇದು ಹೀಮಾಂಕಸ್ ಹುಳದ ಕೆಲಸ. ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುತ್ತದೆ. ಒಂದು ಹೆಣ್ಣು ದಿನಕ್ಕೆ 5000ಕ್ಕೂ ಜಾಸ್ತಿ ಮೊಟ್ಟೆ ಇಡಬಲ್ಲದು. ಅಲ್ಬೆಂಡಜೋಲ್‌ನಂಥ ಔಷಧಿಗೆ ಎಷ್ಟೋ ಕಡೆ ಅದು ಬಗ್ಗುತ್ತಿಲ್ಲ.

ನಾನು ಅಣಬೆಗೆ ಕೈ ಹಾಕಿದ್ದಕ್ಕೆ ಕಾರಣ ಇತ್ತು. ಚಿಪ್ಪಣಬೆ ಮರದಲ್ಲಿ ಬೆಳೆಯುತ್ತದೆ, ಮರದಲ್ಲಿ ಸಾರಜನಕ ಕಮ್ಮಿ. ಆ ಕೊರತೆ ತುಂಬಿಕೊಳ್ಳಲು ಅದು ಸಣ್ಣ ಹುಳಗಳನ್ನು ಕೊಂದು ತಿನ್ನುತ್ತದೆ ಎಂದು ಥಾರ್ನ್ ಮತ್ತು ಬ್ಯಾರನ್ ಎಂಬ ವಿಜ್ಞಾನಿಗಳು 1984ರಲ್ಲೇ ಬರೆದಿದ್ದರು.

ಮಾರ್ಕೆಟ್‌ನಿಂದ ಎರಡು ಕೆ.ಜಿ. ತಂದೆ. ಓವನ್‌ನಲ್ಲಿ ಒಣಗಿಸಿದಾಗ ಲ್ಯಾಬ್ ತುಂಬಾ ಘಮ್ಮೆಂದಿತು, ಕೈಗೆ ಸಿಕ್ಕಿದ್ದು ಇನ್ನೂರು ಗ್ರಾಂ ಚಿಲ್ಲರೆ. ಪುಡಿ ಮಾಡಿ ಮೆಥನಾಲ್‌ನಲ್ಲಿ ನೆನೆಸಿ, ಸೋಸಿ, ಮೆಥನಾಲ್ ಹಾರಿಸಿದೆ. ತಳದಲ್ಲಿ ಜೋನಿಬೆಲ್ಲದಂಥ ಅಂಟು ಉಳಿಯಿತು. ಅದು ನೀರಿನಲ್ಲಿ ಕರಗಲಿಲ್ಲ, ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದೆ. ಹಿಕ್ಕೆಯಿಂದ ಹುಳದ ಮೊಟ್ಟೆ ಬೇರೆ ಮಾಡಿ, ಈ ಸಾರ ಬೆರೆಸಿ 48 ಗಂಟೆ ಇಟ್ಟೆ.

ಒಂದು ಮೊಟ್ಟೆಯೂ ಒಡೆದಿರಲಿಲ್ಲ! ರಾತ್ರಿ ಗೆಳತಿಗೆ ಫೋನ್ ಮಾಡಿ ಕುಣಿದಾಡಿದೆ. ಬೆಳಗ್ಗೆ ನೋಡಿದರೆ, ಅಣಬೆಯೇ ಇಲ್ಲದ, ಬರೀ ಡಿಎಂಎಸ್‌ಒ ಹಾಕಿದ ಪ್ಲೇಟಿನ ಗುಳಿಯಲ್ಲೂ ಮೊಟ್ಟೆಗಳು ಹಾಗೇ ಇದ್ದವು. ಮೊಟ್ಟೆ ತಡೆದದ್ದು ಅಣಬೆಯಲ್ಲ, ದ್ರಾವಕವೇ: ಶೇ. 1 ಇರಬೇಕಾದ ಡಿಎಂಎಸ್‌ಒ ಶೇ. 10 ಆಗಿತ್ತು. ಸೊನ್ನೆ ಒಂದು ಜಾಸ್ತಿ, ಅಷ್ಟೇ. ನನ್ನ ಸಂಶೋಧನೆಯ ಗೈಡ್ ಬೈಯಲಿಲ್ಲ. "ಇನ್ನೊಂದ್ಸಲ ಮಾಡು" ಅಂದರು. ಅದೇ ಜಾಸ್ತಿ ಚುಚ್ಚಿತು.

ಎರಡನೇ ಸಲ, ಸಾರ ಗಟ್ಟಿ ಇದ್ದ ಕಡೆ ಮಾತ್ರ ಒಂದಷ್ಟು ಮೊಟ್ಟೆ ಒಡೆಯಲಿಲ್ಲ. ಅಷ್ಟು ಗಟ್ಟಿ ಹಾಕಿದರೆ ಬೆಳ್ಳುಳ್ಳಿಯೂ ಅಷ್ಟೇ ಮಾಡೀತು, ಅಲ್ವಾ?

ತೈವಾನ್‌ನ ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದ್ದನ್ನು ಓದಿದಾಗ ತಲೆ ಚಚ್ಚಿಕೊಂಡೆ. ವಿಷ ಇರುವುದು ಅಣಬೆಯ ಎಳೆಗಳ ಮೇಲಿನ ಲಾಲಿಪಾಪ್ ಆಕಾರದ ಪುಟ್ಟ ಗುಂಡುಗಳಲ್ಲಿ, ನಾವು ತಿನ್ನುವ ಕೊಡೆಯಲ್ಲಲ್ಲ. ಆ ವಿಷದ ಹೆಸರು 3-ಆಕ್ಟನೋನ್, ಗಾಳಿಗೆ ಹಾರಿಹೋಗುವ ವಸ್ತು. ನಾನು ತೆಗೆದುಕೊಂಡ ಭಾಗವೇ ತಪ್ಪು. ಸರಿಯಾದ ಭಾಗ ಸಿಕ್ಕಿದ್ದರೂ ಓವನ್‌ಗೆ ಇಟ್ಟು ಹಾರಿಸಿಬಿಡುತ್ತಿದ್ದೆ.

ಆಮೇಲೆ ಅಣಬೆಯ ಕಾಂಡದಿಂದ ಚೂರು ತೆಗೆದು, ಪೋಷಕಾಂಶವೇ ಇಲ್ಲದ ಅಗರ್ ಎಂಬ ಜೆಲ್ಲಿಯ ಮೇಲೆ ಉಪವಾಸ ಬೆಳೆಸಿದೆ. ಅದರ ಮೇಲೆ ಲ್ಯಾಬ್‌ಗಳಲ್ಲಿ ಸಾಕುವ ಸಿ. ಎಲೆಗಾನ್ಸ್ ಎಂಬ ಪುಟ್ಟ ಹುಳ ಬಿಟ್ಟೆ. ಒಂದು ಹುಳ ಹಾವಿನಂತೆ ಹರಿಯುತ್ತಾ ಹೋಗಿ ಎಳೆಗೆ ಮೂತಿ ತಾಗಿಸಿತು. ಬಾಗಿದ ಮೈ ಬಾಗಿದಂತೆಯೇ ನಿಂತಿತು. ಸೂಜಿಯಿಂದ ತಟ್ಟಿದೆ, ಅಲುಗಲಿಲ್ಲ.

ಹಟ್ಟಿಗೆ ಮತ್ತೆ ಹೋದಾಗ ಅಜ್ಜ ಕೇಳಿದರು: "ಹಂಗಾರೆ ಕುರಿಗೆ ಅಣಬೆ ತಿನ್ಸಿದ್ರೆ ಸಾಕೇನಮ್ಮಾ?" "ಇಲ್ಲಜ್ಜಾ, ಅದು ಕುರಿ ಹೊಟ್ಟೆ ತನಕ ಉಳಿಯೋ ದಾರಿ ಇನ್ನೂ ಸಿಕ್ಕಿಲ್ಲ" ಅಂದೆ. ಹೊಸ ಹಿಕ್ಕೆ ಕವರಿಗೆ ತುಂಬಿಸಿಕೊಂಡು ಬಸ್ ಹತ್ತಿದೆ.