ವರ್ಷಗಳು ಸರ್ರನೆ ಸರಿದುಹೋಗುತ್ತಿವೆಯೇ? ದಿನಗಳಿಗೆ ಗುರುತು ಹಾಕುವ ವಿಧಾನ

ವಯಸ್ಸಾದವರ ಬಾಯಲ್ಲಿ ಎರಡು ಮಾತು ಜೊತೆಜೊತೆಗೇ ಬರುತ್ತವೆ. ಮಧ್ಯಾಹ್ನ ಮೂರರ ಹೊತ್ತಿಗೆ ‘ಹೊತ್ತೇ ಹೋಗ್ತಾ ಇಲ್ಲ’ ಎನ್ನುತ್ತಾರೆ. ಡಿಸೆಂಬರ್ ಬಂತೆಂದರೆ ‘ವರ್ಷ ಕಳೆದದ್ದೇ ಗೊತ್ತಾಗಲಿಲ್ಲ’ ಎನ್ನುತ್ತಾರೆ. ಎರಡೂ ನಿಜ. ನಡೆಯುತ್ತಿರುವ ಹೊತ್ತನ್ನು ಮನಸ್ಸು ಅಳೆಯುವುದು ಗಮನದಿಂದ. ಗಡಿಯಾರದ ಕಡೆ ಗಮನ ಹೋದಷ್ಟೂ ನಿಮಿಷ ಹಿಗ್ಗುತ್ತದೆ. ಕಳೆದುಹೋದ ಕಾಲವನ್ನು ಅಳೆಯುವುದು ನೆನಪಿನಿಂದ; ಒಂದರಿಂದೊಂದು ಬೇರೆಯಾಗಿ ನೆನಪಿರುವ ಸಂಗತಿಗಳು ಹೆಚ್ಚಿದ್ದಷ್ಟೂ ಆ ಕಾಲ ಉದ್ದ ಅನ್ನಿಸುತ್ತದೆ. ಒಂದೇ ಅಚ್ಚಿನ ಇನ್ನೂರು ದಿನಗಳು ನೆನಪಿನಲ್ಲಿ ಒಂದೇ ದಿನವಾಗಿ ಮಡಚಿಕೊಂಡುಬಿಡುತ್ತವೆ. ಆದ್ದರಿಂದ ನಾವು ಕೈಹಾಕಬೇಕಾದದ್ದು ನೆನಪಿಗೆ.

ವಯಸ್ಸೇ ಕಾರಣವೇ?

ಎಲ್ಲರೂ ಹೇಳುವ ವಿವರಣೆ ಒಂದಿದೆ. 1877ರಲ್ಲಿ ಫ್ರಾನ್ಸಿನ ತತ್ವಜ್ಞಾನಿ ಪಾಲ್ ಜಾನೆ ಮುಂದಿಟ್ಟದ್ದು: ಐದು ವರ್ಷದ ಮಗುವಿಗೆ ಒಂದು ವರ್ಷವೆಂದರೆ ಬದುಕಿನ ಐದನೇ ಒಂದು ಭಾಗ, ಐವತ್ತರವರಿಗೆ ಐವತ್ತನೇ ಒಂದು ಭಾಗ. ಲೆಕ್ಕ ಚೆಂದವಾಗಿದೆ. ಆದರೆ ಅದಿಷ್ಟೇ ಕಾರಣವಾಗಿದ್ದರೆ ವಾರ, ತಿಂಗಳುಗಳೂ ಅದೇ ಪ್ರಮಾಣದಲ್ಲಿ ಕುಗ್ಗಬೇಕಿತ್ತು. ಮಾರ್ಕ್ ವಿಟ್‌ಮನ್ ಮತ್ತು ಸಾಂಡ್ರಾ ಲೆನ್‌ಹಾಫ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 14ರಿಂದ 94 ವರ್ಷದವರೆಗಿನ 499 ಜನರನ್ನು ಕೇಳಲಾಗಿತ್ತು. ವಾರ, ತಿಂಗಳುಗಳ ವೇಗದ ವಿಷಯದಲ್ಲಿ ಎಳೆಯರಿಗೂ ಹಿರಿಯರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಳೆದ ಹತ್ತು ವರ್ಷ ಹೇಗೆ ಹೋಯಿತು ಎಂದು ಕೇಳಿದಾಗ ಮಾತ್ರ ವಯಸ್ಸಿನ ವ್ಯತ್ಯಾಸ ಕಂಡಿತು, ಅದೂ ಸಾಧಾರಣ ಮಟ್ಟದಲ್ಲಿ.

1890ರಲ್ಲಿ ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ ಹೇಳಿದ ಕಾರಣ ಇದಕ್ಕಿಂತ ಚೆನ್ನಾಗಿ ಹೊಂದುತ್ತದೆ. ಎಳೆತನದಲ್ಲಿ ದಿನಕ್ಕೊಂದು ಹೊಸತು. ವಯಸ್ಸಾದಂತೆ ಅನುಭವ ಅಭ್ಯಾಸಬಲಕ್ಕೆ ಬೀಳುತ್ತದೆ, ಅಭ್ಯಾಸವಾದದ್ದು ನೆನಪಿನಲ್ಲಿ ನಿಲ್ಲುವುದಿಲ್ಲ. ಬದುಕಿನ ಗಟ್ಟಿ ನೆನಪುಗಳು ಹೆಚ್ಚಾಗಿ ಹತ್ತರಿಂದ ಮೂವತ್ತರ ನಡುವಿನವು ಆಗಿರುವುದಕ್ಕೂ ಇದು ಒಂದು ಕಾರಣ. ಮೊದಲ ಕೆಲಸ, ಮೊದಲ ಸಂಬಳ, ಮನೆ ಬಿಟ್ಟು ಹೊರಟ ಮೊದಲ ರಾತ್ರಿ ಎಲ್ಲ ಅಲ್ಲೇ ಇರುತ್ತವೆ.

ಗುರುತುಗಳೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಿಷೆಲ್ ಸಿಫ್ರ್ ಅವರ ಪ್ರಯೋಗಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಾರದು. ಈ ಫ್ರೆಂಚ್ ಭೂವಿಜ್ಞಾನಿ 1962ರ ಬೇಸಿಗೆಯಲ್ಲಿ ಆಲ್ಪ್ಸ್ ಪರ್ವತದ ಒಂದು ಗುಹೆಯಲ್ಲಿ, ಬಿಸಿಲಿಲ್ಲದೆ, ಗಡಿಯಾರವಿಲ್ಲದೆ ಎರಡು ತಿಂಗಳು ಒಬ್ಬರೇ ಇದ್ದರು. ಸೆಪ್ಟೆಂಬರ್ 14ರಂದು ಮುಗಿಯಿತೆಂದು ತಿಳಿಸಿದಾಗ ಅವರ ಲೆಕ್ಕದಲ್ಲಿ ಅದು ಆಗಸ್ಟ್ 20. ಇಪ್ಪತ್ತೈದು ದಿನ ಲೆಕ್ಕಕ್ಕೇ ಸಿಕ್ಕಿರಲಿಲ್ಲ. ಆಗ ಅವರ ವಯಸ್ಸು 23. ಕಾಲ ಕುಗ್ಗಲು ಮುದಿತನವೇ ಬೇಕೆಂದಿಲ್ಲ. ಇವತ್ತನ್ನು ನಿನ್ನೆಯಿಂದ ಬೇರ್ಪಡಿಸುವ ಗುರುತು ಇಲ್ಲದಿದ್ದರೆ ಸಾಕು.

ಮೊದಲು ಅಳೆದು ನೋಡಿ

ಒಂದು ಹಾಳೆಯಲ್ಲಿ 1ರಿಂದ 30ರವರೆಗೆ ಸಂಖ್ಯೆ ಬರೆಯಿರಿ. ಅವು ಕಳೆದ 30 ದಿನಗಳು. ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು 10 ನಿಮಿಷದಲ್ಲಿ ನೆನಪಾದದ್ದನ್ನು ಆಯಾ ದಿನದ ಮುಂದೆ ಬರೆಯಿರಿ. ‘ಆಫೀಸಿಗೆ ಹೋದೆ’ ಲೆಕ್ಕಕ್ಕಿಲ್ಲ. ಅದನ್ನು ಯಾವ ದಿನದ ಮುಂದೆ ಬೇಕಾದರೂ ಬರೆಯಬಹುದು. ಆ ದಿನಕ್ಕೆ ಮಾತ್ರ ಸಲ್ಲುವ ಸಂಗತಿ ಇರಬೇಕು. ತುಂಬಿದ ಸಾಲುಗಳನ್ನು ಎಣಿಸಿ ದಿನಾಂಕದ ಜೊತೆ ಬರೆದಿಡಿ. ಸಂಖ್ಯೆ ಸಣ್ಣದಿದ್ದರೆ ಗಾಬರಿ ಬೇಡ, ಇದು ಪರೀಕ್ಷೆಯಲ್ಲ.

ಇನ್ನೊಂದು ಅಳತೆ. ಕಳೆದ ಐದಾರು ವರ್ಷಗಳಲ್ಲಿ ನಡೆದ ಐದು ಸಂಗತಿ ಆರಿಸಿಕೊಳ್ಳಿ: ಫ್ರಿಜ್ ತಂದದ್ದು, ಒಂದು ಮದುವೆ, ಮನೆ ಬದಲಿಸಿದ್ದು, ಹೀಗೆ. ಯಾವ ವರ್ಷ, ಯಾವ ತಿಂಗಳು ಎಂದು ಊಹಿಸಿ ಬರೆದು, ಆಮೇಲೆ ಬಿಲ್ಲು ಅಥವಾ ಫೋಟೊ ತೆಗೆದು ತಾಳೆ ನೋಡಿ. ‘ಮೊನ್ನೆ ಮೊನ್ನೆ ತಂದ’ ಫ್ರಿಜ್ಜಿಗೆ ನಾಲ್ಕು ವರ್ಷ ಆಗಿರುವುದು ಇಲ್ಲಿ ಗೊತ್ತಾಗುತ್ತದೆ. ಹಳೆಯ ಘಟನೆಗಳನ್ನು ನೆನಪು ಹತ್ತಿರಕ್ಕೆ ಎಳೆದು ತೋರಿಸುತ್ತದೆ. ಎಷ್ಟು ತಿಂಗಳು ತಪ್ಪಾಯಿತು ಎಂಬುದನ್ನೂ ಗುರುತು ಮಾಡಿಕೊಳ್ಳಿ. ಮೂರು ತಿಂಗಳ ಬಳಿಕ ಮೊದಲ ಅಳತೆಯನ್ನು ಮತ್ತೆ ಮಾಡಬೇಕು.

ದಿನಕ್ಕೊಂದು ಸಾಲು

ರಾತ್ರಿ ಮಲಗುವ ಮುಂಚೆ ಒಂದೇ ಸಾಲು, ಹೆಚ್ಚೆಂದರೆ 20 ಪದ. ಡೈರಿ ಬರೆಯುವ ಉತ್ಸಾಹದಲ್ಲಿ ಮೊದಲ ವಾರ ಎರಡು ಪುಟ ತುಂಬಿಸಿದವರು ಮೂರನೇ ವಾರ ಪುಸ್ತಕ ಮುಟ್ಟುವುದಿಲ್ಲ. ಅದಕ್ಕೇ ಈ ಮಿತಿ. ಸಾಲಿನಲ್ಲಿ ಇರಬೇಕಾದದ್ದು ಒಂದು ಜಾಗ, ಸಾಧ್ಯವಾದರೆ ಒಬ್ಬ ವ್ಯಕ್ತಿ, ಮತ್ತು ಕಣ್ಣಿಗೋ ಕಿವಿಗೋ ಮೂಗಿಗೋ ಸಿಕ್ಕ ಒಂದು ವಿವರ.

‘ಇವತ್ತು ತುಂಬಾ ಕೆಲಸ, ಸಂಜೆ ಮಳೆ’ ಎಂಬ ಸಾಲು ಆರು ತಿಂಗಳ ನಂತರ ಏನನ್ನೂ ಎಬ್ಬಿಸುವುದಿಲ್ಲ. ‘ಮಳೆ ನಿಲ್ಲಲಿ ಅಂತ ಮೆಟ್ಟಿಲ ಬಳಿ ನಿಂತಾಗ ಅಕ್ಕನ ಕೊಡೆಯ ಒಂದು ಕಡ್ಡಿ ಮುರಿದು ಜೋತಾಡುತ್ತಿತ್ತು’ ಎಂದು ಬರೆದಿದ್ದರೆ ಆ ಸಂಜೆ ಪೂರ್ತಿ ಎದ್ದು ಬರುತ್ತದೆ: ಅವಳು ಆಡಿದ ಮಾತು, ಒದ್ದೆ ಚಪ್ಪಲಿ, ಆಮೇಲೆ ಎಲ್ಲಿಗೆ ಹೋದದ್ದು, ಎಲ್ಲವೂ. ಮುರಿದ ಕಡ್ಡಿ ಒಂದು ಕೊಕ್ಕೆಯ ಹಾಗೆ. ಉಳಿದದ್ದನ್ನು ಅದೇ ಎಳೆದು ತರುತ್ತದೆ. ಬರೆಯುವಂಥದ್ದು ಏನೂ ಆಗಲಿಲ್ಲ ಅನ್ನಿಸಿದ ದಿನ ಕಿಟಕಿಯಾಚೆ ಕಂಡದ್ದನ್ನಾದರೂ ಬರೆಯಿರಿ. ಎರಡು ವಾರ ಕಳೆಯುವಷ್ಟರಲ್ಲಿ ‘ರಾತ್ರಿ ಏನು ಬರೆಯಲಿ’ ಎಂಬ ಯೋಚನೆ ಹಗಲಲ್ಲೇ ಶುರುವಾಗುತ್ತದೆ, ಕಣ್ಣು ತಾನಾಗಿ ಹುಡುಕತೊಡಗುತ್ತದೆ. ಬರೆಯುವುದರ ಅರ್ಧ ಲಾಭ ಇರುವುದೇ ಇಲ್ಲಿ.

ತಪ್ಪಿದ ದಿನ ಖಾಲಿ ಇರಲಿ. ನಾಲ್ಕು ದಿನದ್ದನ್ನು ಒಟ್ಟಿಗೆ ತುಂಬಲು ಕೂತರೆ ಊಹೆ ಬೆರೆಯುತ್ತದೆ.

ಪುಸ್ತಕ ಮುಚ್ಚಿ ನೆನೆಸಿಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲಿ. ಹೊಸ ಜಾಗಕ್ಕೆ ಹೋಗುತ್ತಾರೆ, ಹೊಸದನ್ನು ಮಾಡುತ್ತಾರೆ, ಆದರೆ ಮತ್ತೆ ಒಮ್ಮೆಯೂ ಅದನ್ನು ನೆನೆಸಿಕೊಳ್ಳುವುದಿಲ್ಲ. ಎರಡು ತಿಂಗಳಲ್ಲಿ ಅದೂ ಮಸುಕಾಗುತ್ತದೆ. ಹೊಸತಿನಷ್ಟೇ, ನಮ್ಮ ಮಟ್ಟಿಗೆ ಅದಕ್ಕಿಂತ ಹೆಚ್ಚು, ಮುಖ್ಯವಾದದ್ದು ಮರಳಿ ನೆನೆಯುವುದು.

ಭಾನುವಾರ 10 ನಿಮಿಷ ಕೂರಿ. ಪುಸ್ತಕ ತೆರೆಯಬೇಡಿ. ಶನಿವಾರದಿಂದ ಹಿಂದಕ್ಕೆ ಒಂದೊಂದೇ ದಿನ ನೆನೆಸಿಕೊಳ್ಳುತ್ತಾ ಹೋಗಿ. ಸಿಕ್ಕಿಹಾಕಿಕೊಂಡಲ್ಲಿ ‘ಅವತ್ತು ಎಲ್ಲಿದ್ದೆ, ಯಾರ ಜೊತೆ ಮಾತಾಡಿದೆ’ ಎಂದು ಕೇಳಿಕೊಳ್ಳಿ. ಜಾಗ ಹೊಳೆದರೆ ಉಳಿದದ್ದು ಹಿಂಬಾಲಿಸುತ್ತದೆ. ಒಂದೊಂದು ದಿನಕ್ಕೆ ಒಂದು ನಿಮಿಷ ಒದ್ದಾಡಿದ ಮೇಲಷ್ಟೇ ಪುಸ್ತಕ ನೋಡಿ. ಈ ಒದ್ದಾಟ ವ್ಯರ್ಥವಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳ ಪ್ರಯೋಗದಲ್ಲಿ ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ನೋಡಿದರೆ, ಪಾಠ ಮುಚ್ಚಿಟ್ಟು ನೆನೆಸಿಕೊಂಡು ಬರೆದವರು ಮುಂದಿದ್ದರು. ತಿಂಗಳ ಕೊನೆಗೆ ಇದೇ ರೀತಿ 15 ನಿಮಿಷ, ಮೂರು ತಿಂಗಳಿಗೊಮ್ಮೆ ಅರ್ಧ ಗಂಟೆ. ಜೊತೆಗೆ ಇನ್ನೊಬ್ಬರಿದ್ದರೆ ಒಳ್ಳೆಯದು, ಒಬ್ಬರು ಮರೆತದ್ದು ಇನ್ನೊಬ್ಬರಲ್ಲಿ ಇರುತ್ತದೆ.

ಎಷ್ಟು ಬದಲಿಸಬೇಕು?

ಬೆಳಗಿನ ದಿನಚರಿ ಮುಟ್ಟಬೇಡಿ. ಹಲ್ಲುಜ್ಜುವುದು, ಔಷಧಿ, ನಿದ್ದೆಯ ಸಮಯ, ಇವೆಲ್ಲ ಅಭ್ಯಾಸಬಲದಿಂದಲೇ ನಡೆಯಬೇಕು. ನಿದ್ದೆ ಕೆಟ್ಟರೆ ನೆನಪು ಸರಿಯಾಗಿ ಗಟ್ಟಿಯಾಗುವುದಿಲ್ಲ, ಆಗ ಉಳಿದ ಪ್ರಯತ್ನ ನೀರಿಗೆ ಹಾಕಿದಂತೆ. ವಾರಕ್ಕೆ ಒಂದು ಸಣ್ಣ ಬದಲಾವಣೆ, ತಿಂಗಳಿಗೆ ಒಂದು ಅರ್ಧ ದಿನದ್ದು, ಇಷ್ಟು ಸಾಕು. ವಾಕಿಂಗ್‌ಗೆ ಬೇರೆ ರಸ್ತೆ ಹಿಡಿಯುವುದು ಮೊದಲ ಎರಡು ಸಲ ಕೆಲಸ ಮಾಡುತ್ತದೆ. ಹತ್ತನೇ ಸಲಕ್ಕೆ ಅದೂ ಹಳೆಯ ರಸ್ತೆಯೇ. ಹಾಗಾಗಿ ತಿಂಗಳಿಗೊಮ್ಮೆ ಬದಲಿಸಿ. ಎಲ್ಲ ವಾರಾಂತ್ಯವನ್ನೂ ತಿರುಗಾಟದಿಂದ ತುಂಬಿಸಿದರೆ ತಿರುಗಾಟಗಳೇ ಒಂದರೊಳಗೊಂದು ಕಲಸಿಹೋಗುತ್ತವೆ, ಆಯಾಸ ಬೇರೆ. ಸದಾ ಅವಸರದಲ್ಲಿರುವವರಿಗೆ ಯಾವ ವಯಸ್ಸಿನಲ್ಲೂ ಕಾಲ ಓಡುತ್ತದೆ. ಅವರು ಮೊದಲು ವಾರದಲ್ಲಿ ಎರಡು ಗಂಟೆ ಯಾವುದಕ್ಕೂ ಕೊಡದೆ ಖಾಲಿ ಬಿಡುವುದು ಒಳ್ಳೆಯದು.

ದೀರ್ಘಕಾಲ ಫಲ ಕೊಡುವುದು ಕಲಿಕೆ. ವಾದ್ಯ, ಭಾಷೆ, ಈಜು, ಮರಗೆಲಸ, ಯಾವುದಾದರೂ ಒಂದು. ದಿನಕ್ಕೆ 20 ನಿಮಿಷ, ವಾರಕ್ಕೆ ನಾಲ್ಕು ದಿನ. ಕಲಿಕೆಯಲ್ಲಿ ಮೆಟ್ಟಿಲುಗಳಿರುವುದರಿಂದ ‘ಆ ತಿಂಗಳು ಅದು ಬರುತ್ತಿರಲಿಲ್ಲ, ಈ ತಿಂಗಳು ಬರುತ್ತಿದೆ’ ಎಂಬ ಗುರುತು ತಾನಾಗಿ ಬೀಳುತ್ತದೆ. ಕೈ ಪಳಗಿ ಸಲೀಸಾದ ಕೂಡಲೇ ಒಂದು ಹಂತ ಕಷ್ಟದ್ದಕ್ಕೆ ಏರಿ. ಅಲ್ಲೇ ನಿಂತರೆ ಅದೂ ದಿನಚರಿಯಾಗುತ್ತದೆ.

ಫೋಟೊ ಮತ್ತು ಪರದೆ

2014ರಲ್ಲಿ ಲಿಂಡಾ ಹೆಂಕೆಲ್ ಎಂಬ ಮನೋವಿಜ್ಞಾನಿ ಪ್ರಕಟಿಸಿದ ಮ್ಯೂಸಿಯಂ ಪ್ರಯೋಗದಲ್ಲಿ, ಸುಮ್ಮನೆ ನೋಡಿದ ವಸ್ತುಗಳಿಗಿಂತ ಫೋಟೊ ತೆಗೆದ ವಸ್ತುಗಳು ಕಡಿಮೆ ನೆನಪಿದ್ದವು. ಆದರೆ ಒಂದು ಭಾಗವನ್ನಷ್ಟೇ ಝೂಮ್ ಮಾಡಿ ತೆಗೆದವರ ನೆನಪು ಹಾಗೆ ಕುಂದಲಿಲ್ಲ. ಆದ್ದರಿಂದ ಎಲ್ಲಿ ಹೋದರೂ ಮೊದಲ ಐದು ನಿಮಿಷ ಮೊಬೈಲ್ ಜೇಬಲ್ಲಿರಲಿ. ಆಮೇಲೆ ಐದೇ ಫೋಟೊ, ಪ್ರತಿಯೊಂದೂ ಒಂದು ವಿವರದ್ದು. ಸಾವಿರ ಫೋಟೊಗಳ ರಾಶಿಯನ್ನು ಯಾರೂ ಮತ್ತೆ ತೆರೆಯುವುದಿಲ್ಲ.

ಕಿರು ವಿಡಿಯೊಗಳಲ್ಲಿ ಎರಡೂ ಕಡೆ ನಷ್ಟ: ನೋಡುವಾಗ ಗಂಟೆ ಹಾರಿಹೋಗುತ್ತದೆ, ನೋಡಿಯಾದ ಮೇಲೆ ನೆನಪಿನಲ್ಲೂ ಏನೂ ಉಳಿಯುವುದಿಲ್ಲ. ಎಲ್ಲ ಸಂಜೆಯೂ ಬಿಡಲಾಗದಿದ್ದರೆ ವಾರಕ್ಕೆ ಮೂರು ಸಂಜೆ ಬಿಟ್ಟು ನೋಡಿ.

ಮನೆಯಲ್ಲೇ ಇರುವ ಹಿರಿಯರಿಗೆ

ಓಡಾಡಲಾಗದವರಿಗೆ ಮೇಲಿನದ್ದರಲ್ಲಿ ಅರ್ಧ ಹೊಂದುವುದಿಲ್ಲ. ಅವರಿಗೆ ವಾರದ ದಿನಗಳು ಒಂದೊಂದು ಬಣ್ಣದ್ದಾಗಬೇಕು. ಸೋಮವಾರ ಒಬ್ಬರ ಫೋನ್, ಬುಧವಾರ ಕುರ್ಚಿ ಇನ್ನೊಂದು ಕಿಟಕಿಯ ಬಳಿಗೆ, ಶುಕ್ರವಾರ ಹಳೆಯ ಪೆಟ್ಟಿಗೆಯಿಂದ ಒಂದು ವಸ್ತು ತೆಗೆದು ಅದರ ಬಗ್ಗೆ ಮಾತು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಎರಡೇ ಪದ ಬರೆದರೂ ಸಾಕು. ಇದು ಯಾವ ತಿಂಗಳು ಎಂಬುದೇ ಪದೇಪದೇ ಗೊಂದಲವಾಗುತ್ತಿದ್ದರೆ, ಗೊತ್ತಿರುವ ದಾರಿ ತಪ್ಪುತ್ತಿದ್ದರೆ ಅದು ಬೇರೆ ವಿಷಯ, ತಡಮಾಡದೆ ವೈದ್ಯರಿಗೆ ತೋರಿಸಿ. ದಿನಗಳು ಭಾರವಾಗಿ, ಯಾವುದರಲ್ಲೂ ಆಸಕ್ತಿ ಇಲ್ಲದೆ ಎರಡು ವಾರ ದಾಟಿದರೂ ಅಷ್ಟೇ.

ಅವರೊಡನೆ ಮಾತಾಡುವಾಗ ‘ಹೇಗಿದ್ದೀರಿ’ ಎಂದರೆ ‘ಹೀಗೇ ಇದೀನಿ’ ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ‘ಮಂಗಳವಾರ ಬಂದವರು ಯಾವ ಕಡೆ ಕೂತಿದ್ದರು, ಏನಂದರು’ ಎಂದು ಕೇಳಿ, ಉತ್ತರಕ್ಕೆ ಆತುರಪಡಿಸದೆ ಅರ್ಧ ನಿಮಿಷ ಸುಮ್ಮನಿರಿ.